ಎಡಗಡೆ ಚುಚ್ಚಿಕೊಂಡ ಪದಕ

ವಾರಿಂಗಾ, ವಿಕ್ಟೋರಿಯಾ
28 ಏಪ್ರಿಲ್ 1952

ಐಲೀನ್ ಅತ್ತಿಗೆಗೆ, ಮುಖ ತೋರಿಸಲಾಗದೆ ಕಾಗದ ಬರೆಯುತ್ತಿರುವ ಮೈದುನ ಕ್ಲೈವ್‌ನ ನಮಸ್ಕಾರಗಳು.

ಮೊನ್ನೆ ನಿಮ್ಮೂರಲ್ಲಿ ಯೋಧರ ದಿನದ ಮೆರವಣಿಗೆಗೆ ಹೊರಟಾಗ ನಾರ್ಮನ್ ಅಣ್ಣನ ಶೌರ್ಯ ಪದಕ ಕೊಟ್ಟು, "ಹಾಕ್ಕೊಳಪ್ಪ, ಅವರೂ ನಿನ್ ಜೊತೆ ನಡೆದಂಗಾಗುತ್ತೆ" ಅಂದಿರಿ. ಎದೆಯ ಎಡಕ್ಕೆ ತಾನು ಗಳಿಸಿದ ಪದಕ, ಬಲಕ್ಕೆ ಮನೆಯಲ್ಲಿ ಸತ್ತವರದ್ದು. ನಮ್ಮಲ್ಲಿ ಇದು ಮಕ್ಕಳಿಗೂ ಗೊತ್ತು. ನಾನು ಚರ್ಚಿನ ಹಿಂದೆ ಮರೆಯಲ್ಲಿ ನಿಂತು ಅದನ್ನು ಎಡಕ್ಕೆ ಚುಚ್ಚಿಕೊಂಡೆ.

ಅಣ್ಣ ಆಫ್ರಿಕಾದ ಯುದ್ಧಭೂಮಿಯಲ್ಲಿ, ಟೊಬ್ರುಕ್‌ನಲ್ಲಿ, ಗಾಯಾಳುಗಳನ್ನು ಹೊತ್ತು ತರುತ್ತಲೇ ಸತ್ತ. ನಾನು ಯುದ್ಧದ ಗಾಳಿಯೂ ಸೋಕದೆ ಇಲ್ಲೇ ದೇಶದೊಳಗೆ, ಆಲಿಸ್ ಸ್ಪ್ರಿಂಗ್ಸ್ ಸೇನಾ ಶಿಬಿರದಲ್ಲಿ ಐದು ವರ್ಷ ರೊಟ್ಟಿ ಬೇಯಿಸಿದೆ. ಇಲ್ಲಿಯವರು ಪ್ರತಿ ವರ್ಷ, "ಏನ್ ಕ್ಲೈವ್, ಮೈಗಂಟಿದ ಹಿಟ್ಟು ಹೋಯ್ತಾ?" ಎಂದು ಆಡಿಕೊಳ್ಳುತ್ತಾರೆ. ನೀವು ಹೊಸದಾಗಿ ಮನೆ ಮಾಡಿದ ಊರಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ. ಅದೇ ನನ್ನ ಬುದ್ಧಿ ಕೆಡಿಸಿತು.

ಸೈನಿಕರ ಸಂಘದಲ್ಲಿ ಹಿರಿಯರೊಬ್ಬರು ಬಿಯರ್ ಕೊಡಿಸಿ, "ಎಲ್ಲಿ ಸಿಕ್ತಪ್ಪ ಇದು?" ಅಂದರು. "ಟೊಬ್ರುಕ್‌ನಲ್ಲಿ" ಅಂದೆ. ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಅಂದೆ. ಪಕ್ಕದಲ್ಲಿದ್ದ ನಿಮ್ಮ ಬೆರಿಲ್, "ಚಿಕ್ಕಪ್ಪ, ಅದು ಅಪ್ಪಂದು. ಆ ಕಡೆ ಹಾಕ್ಬೇಕು" ಅಂದಳು. ನಾನು ಹಿರಿಯರತ್ತ ತಿರುಗಿ, "ಪಾಪ, ಅಪ್ಪನ ಮುಖಾನೇ ನೋಡಿಲ್ಲ. ಯಾವ ಪದಕ ಕಂಡ್ರೂ ಅಪ್ಪಂದೇ ಅನ್ಸುತ್ತೆ ಇದಕ್ಕೆ" ಅಂದೆ. ಹನ್ನೊಂದು ವರ್ಷದ ಮಗುವಿನ ಬಗ್ಗೆ, ಅವಳೆದುರಿಗೇ.

ಅವಳು ಗಟ್ಟಿಯಾಗಿ, "ನೀವು ಸುಳ್ಳ" ಅಂದಳು. ನೀವು ಚಹಾ ಹಿಡಿದು ಸಂಘದ ಅಡುಗೆಮನೆಯಿಂದ ಬರುವಷ್ಟರಲ್ಲಿ ಪದಕ ನನ್ನ ಜೇಬಿನಲ್ಲಿತ್ತು. ನಿಮ್ಮ ಕಿವಿಗೆ ಬಿದ್ದದ್ದು ಆ ಮಾತೊಂದೇ. ಎಲ್ಲರೆದುರು ಅವಳ ಕೆನ್ನೆಗೆ ಹೊಡೆದು ನನ್ನಲ್ಲಿ ಕ್ಷಮೆ ಕೇಳಿಸಿದಿರಿ. ಕೇಳಿದಳು. ನಾನು ತಲೆ ಸವರಿ, "ಹೋಗ್ಲಿ ಬಿಡಿ ಅತ್ತಿಗೆ, ಮಗು" ಅಂದೆ. ಥೂ, ನನ್ನ ಜನ್ಮಕ್ಕೆ.

ಬರುವ ಭಾನುವಾರ ಅದೇ ಸಂಘಕ್ಕೆ ಬಂದು ಅಷ್ಟೂ ಜನರ ಎದುರು ನಿಜ ಹೇಳುತ್ತೇನೆ. ಬೆರಿಲ್‌ಳನ್ನು ಕರೆತನ್ನಿ. ಅವಳು ಬರಲ್ಲ ಅಂದರೆ ಬಲವಂತ ಮಾಡಬೇಡಿ.

ನಾಚಿಕೆಯಿಂದ,
ಕ್ಲೈವ್ ಹ್ಯಾಲೊರನ್

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದ್ದು: ಪದಕವನ್ನು ನಿಮ್ಮ ಮೇಜಿನ ಖಾನೆಯಲ್ಲಿಟ್ಟೆ ಅಂದಿದ್ದೆನಲ್ಲ, ಇಟ್ಟಿರಲಿಲ್ಲ. ಬೆರಿಲ್‌ಗೆ ಗೊತ್ತು. ಬಸ್ಸಿನವರೆಗೆ ಹಿಂದೆಯೇ ಬಂದು, "ಪದಕ ನೀವೇ ಇಟ್ಕೊಳಿ ಚಿಕ್ಕಪ್ಪ. ನಾನು ಸುಳ್ಳು ಹೇಳಿಲ್ಲ ಅಂತ ಅಮ್ಮಂಗೆ ಮಾತ್ರ ಹೇಳ್ಬಿಡಿ" ಅಂದಳು. ಆಗಲಿ ಅಂದು ಬಸ್ಸು ಹತ್ತಿದೆ. ಪದಕವನ್ನು ಈ ಕಾಗದದ ಜೊತೆ ಅವಳ ಹೆಸರಿಗೇ ಕಳಿಸಿದ್ದೇನೆ. ಅತ್ತಿಗೆ, ಅವಳು ಸುಳ್ಳು ಹೇಳಿರಲಿಲ್ಲ.