ಒಂದೇ ರೈಲು, ಎರಡು ಬೋಗಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಬಾಬಿನ್‌ಗೆ,

ನಾನು ಕ್ಷೇಮ. ಸಮುದ್ರ ನೋಡಿ ಊರಿಗೆ ಮರಳಿ ಇಷ್ಟು ದಿನವಾದರೂ ಒಂದು ಕಾಗದ ಹಾಕಲಿಲ್ಲ, ಕ್ಷಮಿಸು. ನಿನ್ನ ಫೋನನ್ನೂ ಬೇಕೆಂದೇ ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀಯ, ನಾನು ಕರಗಿಬಿಡುತ್ತೇನೆ. ಈ ಸಲ ಕರಗಲು ಮನಸ್ಸಿಲ್ಲ. ಜ್ವರ ಹೇಗಿದೆ ಎಂದು ಕೇಳುವುದು ವಾಡಿಕೆ. ಕೇಳಿದ್ದೇನೆ ಎಂದುಕೋ.

ಹೊಲಿಗೆ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಮಿಷನ್ನಿನಲ್ಲಿ ಕೂತು ಸಮುದ್ರಕ್ಕೆ ಹೋಗುವ ಮಾತು ಎಷ್ಟು ಆಡಿದ್ದೇವೆ! ಮಿಷನ್ನಿನ ದಾರದ ಉರುಳೆಯಂತೆ ಗುಂಡಗೆ ಸುತ್ತುತ್ತಲೇ ಇರುವ ನಿನಗೆ ಬಾಬಿನ್ ಎಂದು ಹೆಸರಿಟ್ಟವಳು ನಾನು, ನನ್ನ ನಾಲಿಗೆ ನೋಡಿ ಕತ್ತರಿ ಎಂದವಳು ನೀನು. "ರಿಟೈರಾದ ಮೇಲೆ ಮೊದಲು ಅದೇ ಕಣೇ. ಸಾದಾ ಬೋಗೀಲೇ ಹೋಗೋಣ, ಕಿಟಕಿ ತೆಗೆದು ಗಾಳಿ ಕುಡ್ಕೊಂಡು" ಎಂದವಳೂ ನೀನೇ. ನಿನ್ನ ಮಗ ಫೋನಿನಲ್ಲೇ ಇಬ್ಬರಿಗೂ ಟಿಕೆಟ್ ಮಾಡಿಸಿದ. ಹೊರಡುವ ಬೆಳಿಗ್ಗೆ ನೀನು ಫೋನು ಮಾಡಿ, "ಮೈಯೆಲ್ಲ ಕೆಂಡ ಕಣೇ. ನೀನೂ ಹೋಗ್ಬೇಡ, ಮುಂದಿನ ತಿಂಗಳು ಇಬ್ರೂ ಹೋಗೋಣ" ಎಂದೆ. ನಾನೂ ಹೂಂ ಎಂದೆ. ಆದರೆ ಕಟ್ಟಿಟ್ಟ ಚೀಲ ನೋಡಿ ಮನಸ್ಸು ತಡೆಯಲಿಲ್ಲ. ನಿನಗೊಂದು ಬಾಟಲಿ ಸಮುದ್ರದ ನೀರಾದರೂ ತರೋಣ ಎಂದು ಹೊರಟೆ.

ಸಿಟಿ ಬಸ್ಸಿನಲ್ಲಿ ಕಾಲೂರಲು ಜಾಗವಿರಲಿಲ್ಲ. ಕಂಡಕ್ಟರ್ ಮಾತ್ರ "ಒಳಗೆ ಹೋಗಿ, ಒಳಗೆ ಮೈದಾನ ಖಾಲಿ ಇದೆ" ಎಂದು ಕೂಗುತ್ತಲೇ ಇದ್ದ. ಕೂತಿದ್ದ ಯಾರದೋ ತೊಡೆಯ ಮೇಲೆ ಚೀಲವಿಟ್ಟು ನಿಂತುಕೊಂಡೆ. ಪಾಪ, ಅವಳು ಕಂಬಳಿ ಹೊದ್ದು ಮಲಗಿರುತ್ತಾಳೆ ಎಂದು ದಾರಿಯುದ್ದಕ್ಕೂ ನಿನ್ನದೇ ಚಿಂತೆ.

ರೈಲು ಹತ್ತಿದರೆ ನಿನ್ನ ಸೀಟಿನ ಮೇಲೊಂದು ದೊಡ್ಡ ಡ್ರಮ್ಮು, ಅದರ ಹಿಂದೆ ಬ್ಯಾಂಡ್ ಬಾರಿಸುವವನೊಬ್ಬ. "ಏಳ್ರೀ, ಇದು ನನ್ನ ಗೆಳತಿ ಸೀಟು. ಅವಳಿಗೆ ಹುಷಾರಿಲ್ಲ ಅಂದ್ರೆ ಡ್ರಮ್ಮು ತಂದು ಕೂರಿಸೋದಾ?" ಎಂದು ಏರಿಹೋದೆ. ಆತ ಮೆಲ್ಲಗೆ, "ಅಮ್ಮಾ, ನಂದು ವೇಟಿಂಗ್ ಲಿಸ್ಟಲ್ಲಿತ್ತು. ಯಾರೋ ಕ್ಯಾನ್ಸಲ್ ಮಾಡಿದ್ರಂತೆ, ಹೋದ ವಾರಾನೇ ಈ ಸೀಟು ಸಿಕ್ತು" ಎಂದ. ಟಿಸಿಯೂ ಹೌದೆಂದರು. ಜ್ವರ ಬಂದದ್ದು ಆ ಬೆಳಿಗ್ಗೆ, ಟಿಕೆಟ್ಟು ಸತ್ತದ್ದು ಹೋದ ವಾರ! ನಿನ್ನ ಮಗ ಫೋನಿನಲ್ಲಿ ಏನೋ ಒತ್ತಿ ಎಡವಟ್ಟು ಮಾಡಿರಬೇಕು ಎಂದು ಅವನನ್ನೇ ಬೈದುಕೊಂಡೆ. ನಿನ್ನ ಮೇಲೆ ಅನುಮಾನ ಪಡಲು ನನಗೆ ಬರುವುದೇ ಇಲ್ಲವಲ್ಲ.

ಮಧ್ಯಾಹ್ನ ಜಂಕ್ಷನ್ನಿನಲ್ಲಿ ಎಂಜಿನ್ ಬದಲಿಸಲು ಗಾಡಿ ಬಹಳ ಹೊತ್ತು ನಿಂತಿತು. ನಮ್ಮ ಬೋಗಿಯ ಎದುರಿನ ನಲ್ಲಿ ಒಣಗಿತ್ತು. ನೀರು ಹುಡುಕುತ್ತ ಏಸಿ ಬೋಗಿಯವರೆಗೂ ನಡೆದೆ. ಬಾಗಿಲಲ್ಲಿ ನೀನು! ಕೈಯಲ್ಲಿ ಚಹಾ, ಪಕ್ಕದಲ್ಲಿ, ಮದುವೆಯಲ್ಲಿ ನಾನು ದೂರದಿಂದಷ್ಟೇ ಕಂಡಿದ್ದ ನಿನ್ನ ಬೀಗಿತ್ತಿ. ನನಗೆ ಮೊದಲು ಏನನ್ನಿಸಿತು ಗೊತ್ತೇ? ಜ್ವರ ಬಿಟ್ಟಿದೆ, ಹೇಗೋ ಓಡಿಬಂದು ಇದೇ ರೈಲು ಹಿಡಿದಿದ್ದಾಳೆ, ನನ್ನನ್ನೇ ಹುಡುಕುತ್ತಿದ್ದಾಳೆ ಎಂದು. ಖುಷಿಯಲ್ಲಿ "ಬಾಬಿನ್!" ಎಂದು ಕೂಗಿಯೂ ಬಿಟ್ಟೆ. ನಿನ್ನ ಮುಖ ಬಿಳುಚಿಕೊಂಡಿತು. ಆಗ ಎಲ್ಲ ಅರ್ಥವಾಯಿತು.

ಬೀಗರು ಕರೆದರೆ ಹೋಗಬಾರದೆಂದು ನಾನೇಕೆ ಹೇಳಲಿ? "ಅವರ ಜೊತೆ ಹೋಗ್ತಿದೀನಿ ಕಣೇ, ಬೇಜಾರು ಮಾಡ್ಕೋಬೇಡ" ಎಂದಿದ್ದರೆ ಬೈದು, ನಾಲ್ಕು ದಿನ ಮುಖ ಊದಿಸಿಕೊಂಡು, ಆಮೇಲೆ ನಾನೇ ಬಂದು ನಿನ್ನ ಪೆಟ್ಟಿಗೆಗೆ ಬಟ್ಟೆ ಮಡಚಿಡುತ್ತಿದ್ದೆ. ಸುಳ್ಳು ಹೇಳಿದೆಯಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ.

ಸಮುದ್ರ ನೋಡಿದೆ. ಚೆನ್ನಾಗಿದೆ. ಆದರೆ ಎಲ್ಲಿ ನೀನು ಎದುರಾಗುತ್ತೀಯೋ ಎಂದು ಹೆದರಿ, ನೀರಿಗೆ ಕಾಲು ಕೂಡ ಇಡದೆ ಬಸ್ ಸ್ಟ್ಯಾಂಡಿಗೆ ಬಂದು ಸಿಕ್ಕಿದ ಬಸ್ಸು ಹತ್ತಿದೆ. ತಪ್ಪು ಮಾಡಿದವಳು ನೀನು, ಕದ್ದು ಓಡಿಬಂದವಳು ನಾನು. ಹೇಗಿದೆ ನ್ಯಾಯ?

ಮಗ ಸೊಸೆಗೆ ನನ್ನ ಆಶೀರ್ವಾದ ತಿಳಿಸು. ನಿನಗೂ ಒಳ್ಳೆಯದಾಗಲಿ. ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ, ಆದರೂ ಆಗಲಿ.

ಇಂತಿ,
ಕತ್ತರಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. "ಯಾರಿವರು, ನಿಮ್ಮನ್ನ ಏನೋ ಅಂತ ಕೂಗಿದ್ರು?" ಎಂದು ಬೀಗಿತ್ತಿ ಕೇಳಿದಾಗ ನೀನು, "ಏನಿಲ್ಲ, ನಮ್ಮನೆ ಬಟ್ಟೆ ಹೊಲಿದುಕೊಡ್ತಿದ್ದವರು" ಎಂದೆ. ನೀನೂ ಕಾರ್ಖಾನೆಯಲ್ಲಿ ದುಡಿದವಳೆಂದು ಅವರಿಗೆ ಹೇಳಿಯೇ ಇಲ್ಲವೆಂದು ಆಗ ತಿಳಿಯಿತು. ಅವರು ನನ್ನ ಕಡೆ ತಿರುಗಿ "ಹೌದಾ?" ಎಂದರು. ನಾನು ಬಾಯಿ ಬಿಟ್ಟಿದ್ದರೆ ನಿನ್ನ ಮಾನ ಅಲ್ಲೇ ಹರಾಜಾಗುತ್ತಿತ್ತು. "ಹೌದಮ್ಮ, ಇವರ ಮನೆ ಬಟ್ಟೆಯೆಲ್ಲ ನಾನೇ ಹೊಲೀತಿದ್ದೆ" ಎಂದೆ. ಅದನ್ನು ಕೇಳಿ ನಿರಾಳವಾಗಿ ಉಸಿರುಬಿಟ್ಟೆಯಲ್ಲ, ತಿರುಗಿ ಚಹಾ ಕುಡಿಯತೊಡಗಿದೆಯಲ್ಲ, ಅದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.