ಖಾಲಿ ಹಾಳೆಯ ಸಹಿ

ಮಾರ್ಚ್ ೪, ಸೋಮವಾರ, ಬೆಳಿಗ್ಗೆ

ಇವತ್ತು ಒಪ್ಪತ್ತು. ಅಂಗಳ ಗುಡಿಸಿ, ನೀರು ತುಂಬಿ, ದೀಪ ಹಚ್ಚಿಯಾಯಿತು. ಇನ್ನು ಲಾಯರ್ ಆಫೀಸು. ಹನ್ನೊಂದು ವರ್ಷದಿಂದ ಅಲ್ಲಿ ನೆಲ ಒರೆಸಿ ಚಹಾ ಮಾಡುತ್ತಿದ್ದೇನೆ. ಈಗ ಬಡಗಿ ತಮ್ಮನ ಮೇಲಿನ ಕೊಲೆ ಕೇಸನ್ನು ಸರ್ ಅವರೇ ಹಿಡಿದಿದ್ದಾರೆ. ದೇವರು ದೊಡ್ಡವನು.

ಮರದ ಡಿಪೋ ಯಜಮಾನ ಕೊಲೆಯಾದ ಮಧ್ಯಾಹ್ನ ತಮ್ಮ ನಮ್ಮ ಮನೆಯಲ್ಲೇ ಇದ್ದ — ದೇವರ ಗೂಡಿಗೆ ಬಾಗಿಲು ಕೂರಿಸುತ್ತಿದ್ದ. ನೋಡಿದವಳು ನಾನೊಬ್ಬಳೇ.

"ಕೋರ್ಟಿಗೆ ಬಂದು ಹೇಳ್ತೀನಿ ಸರ್."

"ನೀವ್ಯಾಕಮ್ಮ? ಆ ಕಡೆ ಸಾಕ್ಷಿನ ನಾನೊಬ್ಬನೇ ಚಿಂದಿ ಮಾಡ್ತೀನಿ. ನೀವು ಚಹಾ ಮಾಡಿ."

ಮಾರ್ಚ್ ೯, ಶನಿವಾರ

ಆಫೀಸಿನ ಟಿವಿಯಲ್ಲಿ ಸರ್ ಹಳೇ ಸಿನಿಮಾ ಹಾಕಿದರು. ಅದನ್ನು ನೋಡಿಯೇ ಲಾಯರ್ ಆದದ್ದಂತೆ. ಕೊಲೆ, ಕೋರ್ಟು, ಆಮೆ ನಡಿಗೆ... ಆ ಲಾಯರ್ ಒಂದು ಸಿಗರೇಟು ಹಚ್ಚುವಷ್ಟರಲ್ಲಿ ನಾನು ಎರಡು ಕೋಣೆ ಒರೆಸಿದೆ. ತನ್ನನ್ನು ಬಿಟ್ಟರಿಲ್ಲ ಎಂಬ ಗತ್ತು ಅವನಿಗೆ. ಕೊನೆ ಬರುವ ಮುಂಚೆಯೇ ಸರ್ ಟಿವಿ ಆರಿಸಿದರು.

"ಕೊನೇಲಿ ಏನಾಗುತ್ತೆ ಸರ್?"

"ಸೋಲ್ತಾನೆ, ದಡ್ಡ. ನಾನಾಗಿದ್ರೆ ಸೋಲ್ತಿರ್ಲಿಲ್ಲ."

ಆಮೇಲೆ ಖಾಲಿ ಹಾಳೆ ಮುಂದಿಟ್ಟರು. "ಇಲ್ಲೊಂದು ಸಹಿ ಹಾಕಿ. ಅರ್ಜಿ ಬೇಕಾದಾಗ ಬರ್ಕೋತೀನಿ."

ಹಾಕಿದೆ. ಅಲ್ಲಿ ಗ್ಯಾಸಿಗೂ ಅಂಚೆಗೂ ಸಹಿ ಹಾಕುವವಳು ನಾನೇ ತಾನೆ.

ಏಪ್ರಿಲ್ ೨, ಮಂಗಳವಾರ

ಕೋರ್ಟಿನಲ್ಲಿ ಹಿಂದಿನ ಬೆಂಚು. ಆ ಕಡೆ ಸಾಕ್ಷಿ ಹೇಳಿದ ಡಿಪೋ ಕಾವಲುಗಾರ ಚಿಂದಿಯಾಗಲಿಲ್ಲ. ಸರ್ ಕೆದಕಿದಷ್ಟೂ ಗಟ್ಟಿಯಾದ. ಜಡ್ಜ್ ಕೇಳಿದರು — ಆರೋಪಿ ಅಕ್ಕನ ಮನೆಯಲ್ಲಿದ್ದ ಎನ್ನುತ್ತೀರಿ, ಆಕೆಯನ್ನು ಯಾಕೆ ಕರೆಸಲಿಲ್ಲ?

ಸರ್ ಹಾಳೆ ತೆಗೆದು ಓದಿದರು. "ತಮ್ಮನ ಪರ ಸಾಕ್ಷಿ ಹೇಳಲು ನನಗೆ ಇಷ್ಟವಿಲ್ಲ." ಕೆಳಗೆ ನನ್ನ ಸಹಿ.

ಕಟಕಟೆಯಿಂದ ತಮ್ಮ ನನ್ನ ಕಡೆ ತಿರುಗಿದ. ಏಳಬೇಕಿತ್ತು, ಸುಳ್ಳು ಎನ್ನಬೇಕಿತ್ತು.

ಏಪ್ರಿಲ್ ೩

ಸರ್ ಮುಖಕ್ಕೇ ಕೇಳಿದೆ.

"ಜಡ್ಜ್ ಮುಂದೆ ಏನಾದ್ರೂ ಹೇಳ್ಬೇಕಲ್ಲಮ್ಮ, ನನ್ನ ಮರ್ಯಾದೆ ಪ್ರಶ್ನೆ. ಅಪೀಲಲ್ಲಿ ಬಿಡಿಸ್ತೀನಿ ಬಿಡಿ. ಚಹಾ ಎಲ್ಲಿ?"

ಆಫೀಸಿನ ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ಏಪ್ರಿಲ್ ೨೪, ಬುಧವಾರ

ಜೀವಾವಧಿ ಆಯಿತು. ಜೈಲಿಗೆ ಹೋದೆ. ತಮ್ಮ ಭೇಟಿಗೆ ಬರಲಿಲ್ಲ. "ಅವರಿಗೆ ಇಷ್ಟವಿಲ್ಲವಂತಲ್ಲ, ಯಾಕೆ ಬಂದರು" ಎಂದು ಹೇಳಿಕಳಿಸಿದ. ನನಗೆ ಬಹುವಚನ...

ಏಪ್ರಿಲ್ ೨೮, ಭಾನುವಾರ

ಬೇರೆ ಲಾಯರಮ್ಮ ಒಬ್ಬರು ಸಿಕ್ಕಿದ್ದಾರೆ. ನನ್ನ ಮಾತನ್ನು ಅಪೀಲಿನಲ್ಲಿ ಹೇಳಿಸಲು ನೋಡುತ್ತಾರಂತೆ. ಆದರೆ ತಮ್ಮ ಹೂಂ ಎನ್ನಬೇಕು. ನಡೆದದ್ದನ್ನೆಲ್ಲ ಪತ್ರದಲ್ಲಿ ಬರೆದೆ. ನಾಳೆ ಅವನ ಹೆಂಡತಿ ಭೇಟಿಗೆ ಹೋಗುತ್ತಾಳೆ. ಅವಳೂ ಮಾತು ಬಿಟ್ಟು ತಿಂಗಳಾಗುತ್ತ ಬಂತು. ಬಾಗಿಲಲ್ಲೇ ನಿಂತು ಕೊಟ್ಟೆ.

"ಓದ್ತಾರೋ ಹರೀತಾರೋ ನಂಗೊತ್ತಿಲ್ಲ, ಅತ್ತಿಗೆ."

ಒಳಗೆ ಹೋಗಿಬಿಟ್ಟಳು. ಅವಳಿಗೆ ಹೇಳಬೇಕೆಂದದ್ದು ಹೇಳಲಾಗಲಿಲ್ಲ, ಇಲ್ಲೇ ಬರೆಯುತ್ತೇನೆ. ಅವನು ಓದಿ ಮುಗಿಸುವವರೆಗೂ ಅಲ್ಲೇ ನಿಲ್ಲು ತಾಯಿ. ಬೈದು ಬರೆದರೂ ಸರಿ, ಒಂದೇ ಸಾಲಾದರೂ ಸರಿ, ಉತ್ತರ ಇಸಿದುಕೊಂಡು ಬಾ. ಬರಿಗೈಯಲ್ಲಿ ಮಾತ್ರ—