ಆಯಿಲ್ ಎಲ್ಲಿ ಹೋಗುತ್ತಿತ್ತು

ಜುಲೈ ೧೪, ಮಂಗಳವಾರ

ಡೀಸೆಲ್ ಪಿಕಪ್‌ನ ಎಂಜಿನ್ ಆಯಿಲ್ ಮತ್ತೆ ಇಳಿದಿದೆ. ಅಣ್ಣನಿಂದ ಬೇರೆಯಾಗಿ ಗಾಡಿ ನನ್ನ ಪಾಲಿಗೆ ಬಂದಾಗಿನಿಂದ ಇದೇ ಗೋಳು. ಕೆಳಗೆ ಹಾಸಿದ ರಟ್ಟಿನ ಮೇಲೆ ಸೋರಿದ ಒಂದು ಹನಿಯೂ ಇಲ್ಲ. ಆಯಿಲ್ ಒಳಗೇ ಉರಿಯುತ್ತಿದ್ದರೆ ಹೊಗೆ ನೀಲಿಯಾಗಿರುತ್ತದಂತೆ; ಆದರೆ ನಾನು ಆಕ್ಸಿಲರೇಟರ್ ತುಳಿಯುವಾಗ ಹಿಂದೆ ನಿಂತು ಹೊಗೆಯ ಬಣ್ಣ ಹೇಳಲು ಮನೆಯಲ್ಲಿ ಇನ್ನೊಬ್ಬರಿಲ್ಲ. ಅಣ್ಣನೇ ಏನೋ ಕೆಡಿಸಿ ಕೊಟ್ಟಿದ್ದಾನೆಂದು ಮೂರು ತಿಂಗಳು ಹಲ್ಲು ಮಸೆದೆ.

ಇವತ್ತು ಮೆಕ್ಯಾನಿಕ್ ನಕ್ಕುಬಿಟ್ಟ. "ಪಿಸ್ಟನ್ ರಿಂಗ್ ಸವೆದು ಆರು ವರ್ಷದಿಂದ ಇದು ಆಯಿಲ್ ಕುಡೀತಾನೇ ಇದೆ. ನಿಮ್ಮಣ್ಣ ದಿನಾ ಬೆಳಿಗ್ಗೆ ಸುರೀತಿದ್ದ. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ದಿನವೂ ಬಾನೆಟ್ ಮುಚ್ಚುವ ಸದ್ದಿಗೆ ಎಚ್ಚರವಾಗಿ, ಅವನನ್ನು ಬೈದುಕೊಂಡು ಮಗ್ಗಲು ಬದಲಿಸುತ್ತಿದ್ದೆ, ಅಷ್ಟೇ.

ಈಗ ನನ್ನನ್ನು ಎಬ್ಬಿಸುವ ಸದ್ದೇ ಇಲ್ಲ. ಫೋನ್ ಹಿಡಿದು ಕೂತಿದ್ದೇನೆ. ಏನೆಂದು ಶುರು ಮಾಡಲಿ? ಅಣ್ಣಾ, ದಿನಕ್ಕೆ ಎಷ್ಟು ಸುರೀತಿದ್ದೆ ಅಂತ ಕೇಳಿದರೆ ಸಾಕೇನೋ.